ಬಿಯರ್ ನಕ್ಷೆ ಹಿಡಿದು ಆಲೆಮನೆಗೆ

ಮೈಸೂರಿನಲ್ಲಿ ಕುಳಿತು ಮೊಬೈಲಿನ ನಕ್ಷೆಯಲ್ಲಿ ‘ಬ್ರೂವರಿ’ ಎಂದು ಹುಡುಕಿ ನೋಡಿ. ಬಾರ್ ಅಂಡ್ ರೆಸ್ಟೋರೆಂಟುಗಳು ಬರುತ್ತವೆ, ವೈನ್ ಸ್ಟೋರುಗಳು ಬರುತ್ತವೆ, ನಡುವೆ ಯಾವುದೋ ಕಾಫಿ ಅಂಗಡಿಯೂ ತಲೆ ಹಾಕುತ್ತದೆ. ನಕ್ಷೆಯನ್ನು ಬೆರಳಿನಿಂದ ಸ್ವಲ್ಪ ಕುಗ್ಗಿಸಿದರೆ ಬೆಂಗಳೂರು ಪರದೆಯೊಳಗೆ ಬಂದು, ಇಂದಿರಾನಗರ, ಕೋರಮಂಗಲದ ಕಡೆ ದಡಾರ ಎದ್ದಂತೆ ಕೆಂಪು ಗುರುತುಗಳು ತುಂಬಿಕೊಳ್ಳುತ್ತವೆ. ಬಿಯರ್ ತಯಾರಿಸುವ ಜಾಗ, ಬಾಟಲಿ ಮಾರುವ ಜಾಗ, ಹೆಸರಿಗಷ್ಟೇ ಬ್ರೂವರಿಯಾದ ಜಾಗ, ಬಾಗಿಲು ಹಾಕಿ ವರ್ಷಗಳಾದ ಜಾಗ, ಎಲ್ಲಕ್ಕೂ ಅದೇ ಗುರುತು. ಒತ್ತಿದರೆ ಎಲ್ಲಕ್ಕೂ ದಾರಿ ತೋರಿಸುತ್ತದೆ, ಎಷ್ಟು ನಿಮಿಷ ಹಿಡಿಯುತ್ತದೆ ಎಂದು ಹೇಳುತ್ತದೆ. ಹೋದರೆ ಒಳಗೆ ಬಿಡುತ್ತಾರೆಯೇ, ಬಿಟ್ಟರೂ ನೋಡುವುದಕ್ಕೆ ಅಲ್ಲಿ ಏನಾದರೂ ನಡೆಯುತ್ತಿರುತ್ತದೆಯೇ ಎಂಬುದನ್ನು ಮಾತ್ರ ಹೇಳುವುದಿಲ್ಲ.

ನನಗೆ ಬಿಯರ್ ಮೇಲೆ ಅಂಥ ಮೋಹವೇನೂ ಇಲ್ಲ. ವರ್ಷಕ್ಕೊಮ್ಮೆ ಯಾರದೋ ಮದುವೆಯ ಹಿಂದಿನ ರಾತ್ರಿ ಅರ್ಧ ಗ್ಲಾಸು ಹಿಡಿದು ಕುಳಿತು, ಉಳಿದ ಅರ್ಧವನ್ನು ಪಕ್ಕದವರಿಗೆ ದಾಟಿಸುವ ಜಾತಿ ನನ್ನದು. ಆದರೂ ಈ ವಿಷಯ ನನ್ನ ತಲೆಯಲ್ಲಿ ಕುಳಿತಿರುವುದಕ್ಕೆ ಕಾರಣ, ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಕೆಲಸ ಮಾಡುವ ನನ್ನ ಅಕ್ಕನ ಮಗ. ಸಂಕ್ರಾಂತಿಗೆ ರಜೆ ಹಾಕಿ ಊರಿಗೆ ಬಂದಿದ್ದ. ಎಳ್ಳು ಬೀರುವ ಶಾಸ್ತ್ರ ಮುಗಿದ ಸಂಜೆ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು, ‘ಮಾವ, ಇದನ್ನು ನೋಡಿ’ ಎಂದು ಅವನೇ ಕಟ್ಟಿದ ನಕ್ಷೆಯೊಂದನ್ನು ತೋರಿಸಿದ. ಜನ ಅಂಚೆಚೀಟಿ ಕೂಡಿಸುತ್ತಾರೆ, ಇವನು ಬ್ರೂವರಿ ಕೂಡಿಸುತ್ತಾನೆ.

ನಾಲ್ಕು ಬ್ರೂವರಿಗಳ ಹಳ್ಳಿ

ಅವನಿರುವ ಪ್ರದೇಶಕ್ಕೆ ಫ್ರಾಂಕೋನಿಯ ಎಂದು ಹೆಸರು, ಬವೇರಿಯ ರಾಜ್ಯದ ಉತ್ತರ ಭಾಗ. ಜಗತ್ತಿನಲ್ಲಿ ಬ್ರೂವರಿಗಳು ಇಷ್ಟು ಒತ್ತೊತ್ತಾಗಿರುವ ಸೀಮೆ ಇನ್ನೊಂದಿಲ್ಲ ಎಂದು ಅಲ್ಲಿಯವರ ಹೆಮ್ಮೆ. ಔಫ್‌ಸೆಸ್ ಎಂಬ ಊರಿನಲ್ಲಿ ಸುಮಾರು ಸಾವಿರದ ಐನೂರು ಜನ, ನಾಲ್ಕು ಬ್ರೂವರಿಗಳು. ತಲೆವಾರು ಲೆಕ್ಕದಲ್ಲಿ ಅತಿ ಹೆಚ್ಚು ಬ್ರೂವರಿಗಳಿರುವ ಊರೆಂದು 2000ದಲ್ಲಿ ಗಿನ್ನೆಸ್ ದಾಖಲೆಯೂ ಆಯಿತು. ನಾಲ್ಕನ್ನೂ ಜೋಡಿಸುವ ಕಾಲುದಾರಿಯೊಂದಿದೆ, ಸುಮಾರು 14 ಕಿಲೋಮೀಟರ್. ಬೆಳಿಗ್ಗೆ ಹೊರಟು, ಗದ್ದೆ ಬಯಲು ಕಾಡು ದಾಟುತ್ತಾ, ಒಂದೊಂದು ಕಡೆ ಒಂದೊಂದು ಗ್ಲಾಸು ಇಳಿಸಿ, ಸಂಜೆಗೆ ಹೊರಟಲ್ಲಿಗೇ ಬರಬಹುದು. ಗಾಡಿ ಯಾರು ಓಡಿಸುವುದು ಎಂಬ ಪ್ರಶ್ನೆಯನ್ನೇ ಆ ದಾರಿ ಇಲ್ಲವಾಗಿಸಿದೆ. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್ ದಾಟಿದರೆ ಮೊದಲ ಸಲಕ್ಕೇ ಹತ್ತು ಸಾವಿರ ರೂಪಾಯಿ ದಂಡ, ಇಲ್ಲವೆ ಆರು ತಿಂಗಳ ಜೈಲು, ಎರಡೂ ಆಗಬಹುದು. ‘ಅದಕ್ಕೇ ನನ್ನ ನಕ್ಷೆಯ ಮೊದಲ ಪದರ ರೈಲು ನಿಲ್ದಾಣಗಳದ್ದು’ ಎಂದ ಹುಡುಗ. ಬ್ರೂವರಿ ಆಮೇಲೆ. ಅಷ್ಟರಲ್ಲಿ ಅವನ ಮೇಲೆ ನನಗೆ ಗೌರವ ಬಂದಿತ್ತು.

ನಕ್ಷೆ ಕಟ್ಟುವ ಬಗೆಯನ್ನೂ ವಿವರಿಸಿದ. 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಎಂಬಾತ ಶುರು ಮಾಡಿದ ಓಪನ್‌ಸ್ಟ್ರೀಟ್‌ಮ್ಯಾಪ್ ಇದೆಯಲ್ಲ, ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ, ಅದರಲ್ಲಿ ಪ್ರತಿ ಜಾಗಕ್ಕೂ ಚೀಟಿ ಅಂಟಿಸುತ್ತಾ ಹೋಗುತ್ತಾರೆ. ಕೈಕಸುಬಿನ ಸಣ್ಣ ಬ್ರೂವರಿಗೆ ಒಂದು ಚೀಟಿ, ದೊಡ್ಡ ಕಾರ್ಖಾನೆಗೆ ಇನ್ನೊಂದು, ಹೋಟೆಲಿನೊಳಗೇ ಬಿಯರ್ ತಯಾರಿಸುವುದಾದರೆ ಹೋಟೆಲಿನ ಗುರುತಿಗೇ ಮತ್ತೊಂದು. ಬೇಕಾದ ಚೀಟಿಯವನ್ನು ಮಾತ್ರ ಹೆಕ್ಕಿ ತೆಗೆಯುವ ಸಾಧನವೂ ಇದೆ. ಓಪನ್ ಬ್ರೂವರಿ ಡಿಬಿ ಎಂಬ ಉಚಿತ ದತ್ತಾಂಶದಲ್ಲಂತೂ ವಿಂಗಡಣೆ ಇನ್ನೂ ಸೂಕ್ಷ್ಮ: ಮೈಕ್ರೊ, ನ್ಯಾನೊ, ಪ್ರಾದೇಶಿಕ, ದೊಡ್ಡದು, ಬೇರೆಯವರ ಕಾರ್ಖಾನೆಯಲ್ಲಿ ಗುತ್ತಿಗೆಗೆ ಮಾಡಿಸುವವರು, ಇನ್ನೂ ಯೋಜನೆಯ ಹಂತದಲ್ಲಿರುವುದು, ಮುಚ್ಚಿರುವುದು. ಮುಚ್ಚಿದ್ದಕ್ಕೂ ಒಂದು ವರ್ಗ ಇಟ್ಟಿರುವುದು ನನಗೆ ಹಿಡಿಸಿತು. ನಮ್ಮಲ್ಲಿ ಮುಚ್ಚಿದ ಟಾಕೀಸು ನಕ್ಷೆಯಲ್ಲಿ ಇಂದಿಗೂ ಮ್ಯಾಟಿನಿ ಷೋ ನಡೆಸುತ್ತಿರುತ್ತದೆ.

ಅವನು ಹೇಳಿದ್ದರಲ್ಲಿ ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಬೇರೆಯೇ ಒಂದು ಸಂಗತಿ. ಫ್ರಾಂಕೋನಿಯಕ್ಕೆ ಹೊಂದಿಕೊಂಡ ಮೇಲಿನ ಪಾಲಟಿನೇಟ್ ಸೀಮೆಯಲ್ಲಿ ವಿಂಡಿಷೆಷೆನ್‌ಬಾಖ್, ಫಾಲ್ಕೆನ್‌ಬರ್ಗ್, ಎಸ್ಲಾರ್ನ್ ಎಂಬ ಕೆಲವು ಊರುಗಳಿವೆ. ಅಲ್ಲಿ ಊರಿಗೆಲ್ಲ ಸೇರಿ ಒಂದು ಸಾರ್ವಜನಿಕ ಬ್ರೂವಿಂಗ್ ಮನೆ, ಸೌದೆ ಒಲೆಯದು. ಹಕ್ಕುಳ್ಳ ಮನೆಯವರು ಸರದಿಯ ಮೇಲೆ ಅಲ್ಲಿ ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ರಸ ಕಾಯಿಸಿ, ಅದನ್ನು ತಮ್ಮ ಮನೆಯ ನೆಲಮಾಳಿಗೆಗೆ ಒಯ್ದು ಹುದುಗಿಸುತ್ತಾರೆ. ಜೊಯ್ಗಲ್ ಎಂದು ಆ ಬಿಯರಿನ ಹೆಸರು. ಹದಕ್ಕೆ ಬಂದಾಗ ಮನೆಯ ಮುಂದೆ ಆರು ಮೂಲೆಯ ನಕ್ಷತ್ರ ತೂಗುಹಾಕುತ್ತಾರೆ. ನಕ್ಷತ್ರ ಇದ್ದರೆ ಒಳಗೆ ಹೋಗಬಹುದು, ಮನೆಯವರ ನಡುಮನೆಯಲ್ಲೇ ಕುಳಿತು ಕುಡಿಯಬಹುದು. ಇಲ್ಲದಿದ್ದರೆ ಅದು ಬರೀ ಮನೆ. ಯಾವ ವಾರ ಯಾರ ಮನೆಯ ಸರದಿ ಎಂಬ ಕ್ಯಾಲೆಂಡರನ್ನು ಈಗ ಅಂತರ್ಜಾಲದಲ್ಲೂ ಹಾಕುತ್ತಾರೆ. ಹುಡುಗನ ನಕ್ಷೆಯಲ್ಲಿ ಆ ಮನೆಗಳ ಗುರುತುಗಳು ಬೂದು ಬಣ್ಣದಲ್ಲಿದ್ದು, ಕ್ಯಾಲೆಂಡರಿನ ಪ್ರಕಾರ ಸರದಿ ಬಂದವು ಮಾತ್ರ ಹಸಿರಾಗುವಂತೆ ಮಾಡಿಕೊಂಡಿದ್ದ. ಎಲ್ಲಿದೆ ಎಂಬುದರ ಜೊತೆಗೆ ಯಾವಾಗ ಇದೆ ಎಂದೂ ಹೇಳುವ ನಕ್ಷೆಯನ್ನು ನಾನು ನೋಡಿದ್ದು ಅದೇ ಮೊದಲು.

ಗೇಟಿನ ಮುಂದೆ

‘ಮಾವ, ಇಲ್ಲೂ ಒಂದು ಸುತ್ತು ಹಾಕೋಣ’ ಎಂದ. ಮೈಸೂರಿನ ಸುತ್ತ ನಿಜವಾಗಿ ಬಿಯರ್ ತಯಾರಾಗುವುದೆಲ್ಲಿ ಎಂದು ನೋಡಿದರೆ ಕೈ ತೋರುವುದು ನಂಜನಗೂಡಿನ ಕಡೆಗೆ. ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಬಿಯರ್ ಕಾರ್ಖಾನೆ ಇದೆ ಎಂಬುದು ಊರಿಗೆಲ್ಲ ಗೊತ್ತಿರುವ ವಿಷಯ. ನಕ್ಷೆಯಲ್ಲೂ ಗುರುತಿದೆ, ಅದಕ್ಕೆ ನಕ್ಷತ್ರಗಳ ಮೌಲ್ಯಮಾಪನವೂ ಇದೆ. ಲಾರಿ ಚಾಲಕರು ಬರೆದಿರಬಹುದಾದ ‘ಪಾರ್ಕಿಂಗ್ ಚೆನ್ನಾಗಿದೆ’, ‘ಕ್ಯಾಂಟೀನ್ ಪರವಾಗಿಲ್ಲ’ ಎಂಬ ಮಾತುಗಳು. ಹೋದೆವು. ಕಾವಲುಗಾರ ಸಜ್ಜನ. ಗೇಟಿನ ಕಿಂಡಿಯಿಂದ ನಮ್ಮನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ‘ಯಾರನ್ನು ಕಾಣಬೇಕು ಸರ್?’ ಎಂದು ಕೇಳಿದ. ಯಾರನ್ನೂ ಅಲ್ಲ, ಸುಮ್ಮನೆ ನೋಡಲು ಬಂದೆವು ಎಂದರೆ ಅವನಿಗೆ ಅರ್ಥವೇ ಆಗಲಿಲ್ಲ. ಅವನದು ಸರಿ. ಬಿಯರ್ ಕುಡಿಯಲು ಬಾರಿಗೆ ಹೋಗಬೇಕು, ಕಾರ್ಖಾನೆಗೆ ಯಾರಾದರೂ ಹೋಗುತ್ತಾರೆಯೇ? ಹಿಂತಿರುಗಿ ಬರುವಾಗ ದೇವಸ್ಥಾನಕ್ಕೆ ಹೋಗಿ, ಕಪಿಲೆಯಲ್ಲಿ ಕಾಲು ತೊಳೆದುಕೊಂಡು ಬಂದೆವು. ಹೋದದ್ದಕ್ಕೆ ಅಷ್ಟು ಪುಣ್ಯ.

ಇದು ಆ ಕಾರ್ಖಾನೆಯ ಬಿಗುಮಾನವಲ್ಲ, ನಮ್ಮ ವ್ಯವಸ್ಥೆಯೇ ಹಾಗಿದೆ. 2003ರಿಂದೀಚೆಗೆ ಕರ್ನಾಟಕದಲ್ಲಿ ಕಾರ್ಖಾನೆಯಿಂದ ಹೊರಟ ಮದ್ಯವೆಲ್ಲ ಸರ್ಕಾರದ ಪಾನೀಯ ನಿಗಮದ ಡಿಪೋಗೆ ಬಂದು, ಅಲ್ಲಿಂದ ಪರವಾನಗಿ ಇರುವ ಅಂಗಡಿಗಳಿಗೆ ಹೋಗಬೇಕು. ಸಿಎಲ್-2 ಎಂದರೆ ಬಾಟಲಿ ಮಾರುವ ಅಂಗಡಿ, ಸಿಎಲ್-9 ಎಂದರೆ ಬಾರ್ ಅಂಡ್ ರೆಸ್ಟೋರೆಂಟ್. ತಯಾರಿಸುವವನು ತನ್ನ ಗೇಟಿನಲ್ಲಿ ನಿಂತು ನೆಂಟನಿಗೂ ಒಂದು ಲೋಟ ಸುರಿದು ಕೊಡುವ ಹಾಗಿಲ್ಲ. ಫ್ರಾಂಕೋನಿಯದಲ್ಲಿ ಬ್ರೂವರಿ ಎಂದರೆ ಅದೇ ಛಾವಣಿಯ ಕೆಳಗೆ ಊಟದ ಮನೆ. ಒಳಗೆ ಕಾಯಿಸುತ್ತಾರೆ, ಹೊರಗೆ ಬೆಂಚು ಹಾಕಿರುತ್ತಾರೆ. ಬೆಂಗಳೂರಿನಲ್ಲಿ 2010ರ ದಶಕದ ಆರಂಭದಿಂದ ಹುಟ್ಟಿಕೊಂಡ ಮೈಕ್ರೊ ಬ್ರೂವರಿಗಳಿಗೆ ಮಾತ್ರ ತಯಾರಿಸಿದ ಜಾಗದಲ್ಲೇ ಬಡಿಸುವ ಅವಕಾಶ ಇದೆ. ಆದ್ದರಿಂದಲೇ ಅಲ್ಲಿ ಗುರುತುಗಳು ಕಿಕ್ಕಿರಿದಿವೆ, ಅಲ್ಲಿ ನಕ್ಷೆ ಹಿಡಿದು ಹೋದವರಿಗೆ ಏನಾದರೂ ಸಿಗುತ್ತದೆ. ಗಾಜಿನ ಆಚೆ ಹೊಳೆಯುವ ಸ್ಟೀಲಿನ ತೊಟ್ಟಿಗಳು ಕಾಣುತ್ತವೆ. ಅವುಗಳೊಳಗೆ ಹುದುಗು ಎರಡು ಮೂರು ವಾರ ಸದ್ದಿಲ್ಲದೆ ಕೆಲಸ ಮಾಡುತ್ತಿರುತ್ತದೆ. ಕಣ್ಣಿಗೆ ಕಾಣುವ ಕೆಲಸವೆಲ್ಲ ಕಾಯಿಸುವ ಆ ಒಂದು ದಿನದ್ದು, ಆ ದಿನ ಯಾವುದೆಂದು ಬಂದವರಿಗೆ ತಿಳಿಯುವುದಿಲ್ಲ.

ಕಾರಿನಲ್ಲಿ ಬರುವಾಗ ನನಗೆ ಹೊಳೆದದ್ದು ಇಷ್ಟು. ಹುಡುಗ ಹುಡುಕುತ್ತಿರುವುದು ಬಿಯರನ್ನಲ್ಲ. ರಸವನ್ನು ಒಲೆಯ ಮೇಲಿಟ್ಟು ಹದಕ್ಕೆ ತರುವ ಜಾಗವನ್ನು. ಹೋದವರಿಗೆ ಅಲ್ಲೇ ಒಂದು ಲೋಟ ಕೊಡುವ ಜಾಗವನ್ನು. ಅಂಥದ್ದು ನಮ್ಮಲ್ಲಿ ಇದೆ, ಮೈಸೂರಿನಿಂದ ಒಂದು ಗಂಟೆಯ ದಾರಿಯೂ ಇಲ್ಲ. ‘ನಾಳೆ ಮಂಡ್ಯಕ್ಕೆ ಹೋಗೋಣ, ಆಲೆಮನೆ ನೋಡೋಣ’ ಎಂದೆ. ಅವನು ಸಹಜವಾಗಿ ಕೇಳಿದ: ‘ಯಾವುದು ಮಾವ? ಲೊಕೇಶನ್ ಕಳುಹಿಸಿ.’

ಮೇಲಿನಿಂದ ಕಂಡ ಸಿಪ್ಪೆ

ನಕ್ಷೆಯಲ್ಲಿ ‘ಆಲೆಮನೆ’ ಎಂದು ಹುಡುಕಿದರೆ ಮೊದಲು ಸಿಗುವುದು ಆ ಹೆಸರಿಟ್ಟುಕೊಂಡ ಕಬ್ಬಿನ ಹಾಲಿನ ಅಂಗಡಿಗಳು. ನಿಜವಾದ ಆಲೆಮನೆಗಳಲ್ಲಿ ಅಲ್ಲೊಂದು ಇಲ್ಲೊಂದಕ್ಕೆ ಯಾರೋ ಗುರುತು ಹಾಕಿದ್ದಾರೆ. ಅದರಲ್ಲೊಂದಕ್ಕೆ ಬಂದಿದ್ದ ವಿಮರ್ಶೆ ಓದಿ ನಾವಿಬ್ಬರೂ ನಕ್ಕೆವು. ‘ಹೊಗೆ ಜಾಸ್ತಿ’ ಎಂದು ಎರಡೇ ನಕ್ಷತ್ರ ಕೊಟ್ಟಿದ್ದರು. ಕಬ್ಬಿನ ಜಿಲ್ಲೆ ಎಂದರೆ ಮಂಡ್ಯ. ಕನ್ನಂಬಾಡಿಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದದ್ದು, ಆ ನೀರಿಗೆ ಕಬ್ಬು ಎದ್ದದ್ದು, 1933ರಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ ಶುರುವಾದದ್ದು ಎಲ್ಲರಿಗೂ ಗೊತ್ತು. ಕಾರ್ಖಾನೆಯ ಚಿಮಣಿ ನಕ್ಷೆಯಲ್ಲಿ ಭದ್ರವಾಗಿದೆ. ಗದ್ದೆಯ ನಡುವೆ ತಗಡಿನ ಸೂರಿನ ಕೆಳಗೆ ಬೆಲ್ಲ ಕಾಯಿಸುವವರು ಬಹುಪಾಲು ಇಲ್ಲ. ಅವರಿಗೆ ಇರಬೇಕಾದ ಅಗತ್ಯವೂ ಇಲ್ಲ. ಅವರ ಬೆಲ್ಲ ಹೋಗುವುದು ಎಪಿಎಂಸಿ ಮಂಡಿಗೆ, ಮಂಡಿಯವರಿಗೆ ಅವರ ಮನೆ ಗೊತ್ತು, ಕಬ್ಬು ತರುವ ರೈತನಿಗೆ ಅವರ ದಾರಿ ಗೊತ್ತು. ಅಪರಿಚಿತನೊಬ್ಬ ಬಂದು ಒಂದು ಅಚ್ಚು ಕೊಂಡರೆ ಎಷ್ಟು, ಬಿಟ್ಟರೆ ಎಷ್ಟು.

ಹುಡುಗ ಸೋಲಲಿಲ್ಲ. ಉಪಗ್ರಹ ಚಿತ್ರ ತೆರೆದು ಮಂಡ್ಯ ತಾಲ್ಲೂಕಿನ ಹಸಿರನ್ನು ಗೇಣು ಗೇಣಾಗಿ ಜಾಲಾಡತೊಡಗಿದ. ಸ್ವಲ್ಪ ಹೊತ್ತಿನ ಮೇಲೆ ಅವನಿಗೆ ಗುಟ್ಟು ಸಿಕ್ಕಿತು. ಹಸಿರು ಪಟ್ಟಿಗಳ ನಡುವೆ ಒಂದು ತಗಡಿನ ಸೂರು, ಅದರ ಪಕ್ಕದಲ್ಲಿ ಒಣ ಹುಲ್ಲಿನ ಬಣ್ಣದ ದೊಡ್ಡ ಬಯಲು. ರಸ ಹಿಂಡಿದ ಮೇಲೆ ಉಳಿಯುವ ಕಬ್ಬಿನ ಸಿಪ್ಪೆಯನ್ನು ಬಿಸಿಲಿಗೆ ಹರಡುತ್ತಾರಲ್ಲ, ಅದು ಆಕಾಶದಿಂದ ಎದ್ದು ಕಾಣುತ್ತದೆ. ಆ ಸಿಪ್ಪೆಯೇ ಒಲೆಗೆ ಸೌದೆ. ಒಣಗದಿದ್ದರೆ ಉರಿ ಏಳುವುದಿಲ್ಲ, ಅದಕ್ಕೇ ಮಳೆಗಾಲದಲ್ಲಿ ಆಲೆಮನೆಗಳು ಕುಂಟುತ್ತವೆ. ಹೀಗೆ ಸಿಪ್ಪೆಯ ಜಾಡು ಹಿಡಿದು ಕೆರಗೋಡಿನ ಕಡೆಯ ರಸ್ತೆಗಳ ಸುತ್ತ ಅವನು ಗುರುತು ಹಾಕುತ್ತಾ ಹೋದ. ಗೂಗಲ್‌ನ ಮೈ ಮ್ಯಾಪ್ಸ್‌ನಲ್ಲಿ ಒಂದು ನಕ್ಷೆಗೆ ಹತ್ತು ಪದರಗಳ ಅವಕಾಶವಿದೆ. ಒಂದು ಪದರ ಆಲೆಮನೆಗೆ, ಒಂದು ಟೀ ಅಂಗಡಿಗೆ, ಒಂದು ಕಾರು ನಿಲ್ಲಿಸಲು ಜಾಗ ಇರುವ ಕಡೆಗೆ ಎಂದು ಹಂಚಿಕೊಂಡ. ಇಷ್ಟಾದರೂ ಉಪಗ್ರಹ ಚಿತ್ರ ಯಾವ ತಿಂಗಳಿನದೋ. ಸಿಪ್ಪೆ ಹರಡಿದ ದಿನ ಕ್ಯಾಮೆರಾ ಮೇಲೆ ಹಾದುಹೋಗಿದ್ದರೆ ಆಲೆಮನೆ, ಇಲ್ಲದಿದ್ದರೆ ದನದ ಕೊಟ್ಟಿಗೆ.

ಇನ್ನೊಂದು ತಮಾಷೆ ರಸ್ತೆಯದ್ದು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು ಎಲ್ಲವನ್ನೂ ಬೈಪಾಸಿನಿಂದ ಬದಿಗಿಟ್ಟು ಓಡುತ್ತದೆ. ನಕ್ಷೆಗೆ ನಿಮಿಷ ಉಳಿಸುವುದೊಂದೇ ಗೊತ್ತು. ಸರಿಯಾದ ಜಾಗದಲ್ಲಿ ಸರ್ವಿಸ್ ರಸ್ತೆಗೆ ಇಳಿಯದಿದ್ದರೆ ಮಂಡ್ಯವನ್ನು ಬೇಲಿಯಾಚೆ ನೋಡುತ್ತಾ ಚನ್ನಪಟ್ಟಣದವರೆಗೂ ಹೋಗಬಹುದು. ನಾವು ಹಳೆಯ ದಾರಿ ಹಿಡಿದೆವು. ಊರೊಳಗೆ ಹಾದು, ತಿಂಡಿ ತಿಂದು, ಎತ್ತಿನ ಗಾಡಿಯ ಹಿಂದೆ ತೆವಳಿ, ಕೊನೆಗೆ ನಾಲೆಯ ಏರಿಯ ಮೇಲಿನ ಮಣ್ಣುದಾರಿಗೆ ಇಳಿದೆವು. ಮೊದಲು ತಲುಪಿದ ಎರಡು ಗುರುತುಗಳಲ್ಲಿ ಒಂದು ನಿಜಕ್ಕೂ ಕೋಳಿ ಫಾರಂ. ಇನ್ನೊಂದು ಆಲೆಮನೆಯೇ, ಆದರೆ ಗಾಣದ ಮೇಲೆ ಟಾರ್ಪಾಲು ಹೊದಿಸಿತ್ತು, ಕೊಪ್ಪರಿಗೆಯಲ್ಲಿ ಎಲೆ ಬಿದ್ದಿತ್ತು. ಪಕ್ಕದ ಗದ್ದೆಯಲ್ಲಿದ್ದ ಹೆಂಗಸು, ‘ಆಳುಗಳು ಊರಿಗೆ ಹೋಗಿದ್ದಾರೆ, ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ’ ಎಂದಳು. ಹುಡುಗ ಮೊಬೈಲಿನಲ್ಲಿ ಆ ಗುರುತನ್ನು ಬೂದು ಬಣ್ಣಕ್ಕೆ ತಿರುಗಿಸಿದ. ಆಮೇಲೆ ನಾವು ನಕ್ಷೆ ಬಿಟ್ಟು ಹೊಗೆ ನೋಡಿಕೊಂಡು ಹೋದೆವು. ದೂರದಲ್ಲಿ ತೆಂಗಿನ ಸಾಲಿನ ಹಿಂದೆ ಬಿಳಿಯ ಹೊಗೆ ಏಳುತ್ತಿತ್ತು. ವಿಚಿತ್ರವೆಂದರೆ ಅಲ್ಲೂ ಹುಡುಗನ ಗುರುತೊಂದಿತ್ತು, ಪ್ರಶ್ನಾರ್ಥಕ ಚಿಹ್ನೆಯೊಡನೆ.

ಗೌಡರ ಪ್ರಶ್ನೆ

ಕಾರು ನಿಂತ ಸದ್ದಿಗೆ ಮಾಲೀಕರು ಹೊರಗೆ ಬಂದರು. ಅರವತ್ತು ದಾಟಿದವರು, ಹೆಗಲ ಮೇಲೆ ಟವೆಲು, ಕೈಗೆಲ್ಲ ಕಬ್ಬಿನ ಹಾಲಿನ ಅಂಟು. ‘ಎಲ್ಲಿಂದ ಬಂದಿರಿ ಸ್ವಾಮಿ? ಇಲಾಖೆಯವರೋ, ಟಿವಿಯವರೋ?’ ಎಂದು ಕೇಳಿದರು. ಮೈಸೂರಿನವರು, ಬೆಲ್ಲ ಮಾಡುವುದನ್ನು ನೋಡಲು ಬಂದೆವು ಗೌಡರೇ ಎಂದೆ. ‘ಇದರಲ್ಲಿ ನೋಡುವಂಥದ್ದು ಏನಿದೆ?’ ಎಂದರು. ಹಾಗೆನ್ನುವಾಗಲೂ ಅವರ ಕಣ್ಣು ಹುಡುಗನ ಕೈಯಲ್ಲಿದ್ದ ಮೊಬೈಲಿನ ಮೇಲೇ ಇತ್ತು. ‘ಈ ಜಾಗ ನಿಮಗೆ ಯಾರು ಹೇಳಿದರು?’

ಹುಡುಗ ಉತ್ಸಾಹದಿಂದ ಉಪಗ್ರಹ ಚಿತ್ರ ತೋರಿಸಿದ. ಗೌಡರು ಮೊಬೈಲನ್ನು ಕೈಗೆ ತೆಗೆದುಕೊಂಡು, ಬಿಸಿಲಿಗೆ ಅಂಗೈ ಮರೆಮಾಡಿ ನೋಡಿದರು. ತಮ್ಮ ಸೂರು, ತಮ್ಮ ಸಿಪ್ಪೆಯ ಬಯಲು, ಬಾವಿ, ಟ್ರ್ಯಾಕ್ಟರು. ‘ಇದು ಹಳೆಯದು. ಈ ಹೊಂಗೆ ಮರ ಕಡಿದು ವರ್ಷವಾಯಿತು’ ಎಂದು ಪರದೆಯ ಮೇಲೆ ಬೆರಳಿಟ್ಟರು. ಮುಖದಲ್ಲಿ ಸಣ್ಣ ನಗೆ ಬಂತು, ಹಾಗೆಯೇ ಹೋಯಿತು. ಮೊಬೈಲು ಹಿಂತಿರುಗಿಸಿ, ‘ಆ ಗಲಾಟೆ ಆದ ಮೇಲೆ ಕಾರಿನಲ್ಲಿ ಯಾರೇ ಬಂದರೂ ಊರೆಲ್ಲ ನೋಡುತ್ತದೆ ಸ್ವಾಮಿ’ ಎಂದರು. ಯಾವ ಗಲಾಟೆ ಎಂದು ನಾನು ಕೇಳಲಿಲ್ಲ. 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾಗಿ ರಾಜ್ಯವೇ ಬೆಚ್ಚಿತ್ತಲ್ಲ. ರಸ್ತೆಯಿಂದ ದೂರ, ಗದ್ದೆಯ ನಡುವೆ, ಯಾವ ನಕ್ಷೆಯಲ್ಲೂ ಇಲ್ಲದ, ಯಾರು ಬಂದು ಹೋದರೂ ಕೇಳುವವರಿಲ್ಲದ ಜಾಗ ಎಂಬುದೇ ಆ ದಂಧೆಯವರಿಗೆ ಬೇಕಾಗಿದ್ದದ್ದು. ಅದರ ಮಸಿ ಬಳಿದುಕೊಂಡವರು ಮಾತ್ರ ಬೆಲ್ಲ ಕಾಯಿಸುವವರೆಲ್ಲರೂ. ಗುರುತಿಲ್ಲದ ಜಾಗಗಳ ಬಗ್ಗೆ ನನಗಿದ್ದ ಅರೆಬರೆ ಕಾವ್ಯಭಾವ ಅಲ್ಲಿಗೆ ಇಳಿದುಹೋಯಿತು. ಕಾಣದಿರುವುದರಲ್ಲಿ ಕಸುಬಿನ ಮಾನವೂ ಇರಬಹುದು, ಅದರ ಮರೆಯಲ್ಲಿ ಪಾಪವೂ ಇರಬಹುದು.

ಒಳಗೆ ಕರೆದರು. ಕೊಪ್ಪರಿಗೆಯಲ್ಲಿ ರಸ ಆಗಲೇ ಉಕ್ಕಿ ಉಕ್ಕಿ ಏಳುತ್ತಿತ್ತು. ಒಲೆಯ ಬಾಯಿಯಲ್ಲಿ ಕುಳಿತ ಹುಡುಗನೊಬ್ಬ ಒಂದೇ ಲಯದಲ್ಲಿ ಒಣ ಸಿಪ್ಪೆ ತಳ್ಳುತ್ತಿದ್ದ. ಉತ್ತರಪ್ರದೇಶದವನಂತೆ, ಕನ್ನಡದಲ್ಲಿ ‘ಬೆಂಕಿ’, ‘ನೀರು’, ‘ಸಾಕು’ ಇಷ್ಟು ಬರುತ್ತಿತ್ತು. ಸುಣ್ಣ ಹಾಕಿದ ಮೇಲೆ ಮೇಲಕ್ಕೆ ಬರುವ ಕಪ್ಪು ಮಡ್ಡಿಯನ್ನು ಉದ್ದ ಹಿಡಿಯ ಜರಡಿಯಿಂದ ಇನ್ನೊಬ್ಬ ತೆಗೆಯುತ್ತಿದ್ದ. ಬುರುಗು ಮಿತಿ ಮೀರಿದಾಗ ನಾಲ್ಕು ಹನಿ ಹರಳೆಣ್ಣೆ ಬಿದ್ದರೆ ಗದರಿಸಿದ ಹಾಗೆ ಇಳಿಯುತ್ತಿತ್ತು. ಪಾಕ ನೋಡುವವರು ಗೌಡರ ಅಣ್ಣ. ಅವರಿಗೆ ಥರ್ಮಾಮೀಟರು ಬೇಡ. ಗುಳ್ಳೆಗಳು ದೊಡ್ಡದಾಗಿ ಒಡೆಯುವ ಸದ್ದು ಬದಲಾದಾಗ ಒಂದು ತೊಟ್ಟು ಪಾಕವನ್ನು ನೀರಿನ ಬೋಗುಣಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ, ಬೋಗುಣಿಯ ಅಂಚಿಗೆ ಹೊಡೆದರು. ಮೊದಲ ಸಲ ಮೆತ್ತಗೆ ಅಂಟಿಕೊಂಡಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹೊಡೆದಾಗ ಟಣ್ ಎಂದಿತು. ಅಷ್ಟೇ, ಆಮೇಲೆ ಯಾರೂ ಮಾತನಾಡಲಿಲ್ಲ. ಸರಪಳಿ ಎಳೆದು ಕೊಪ್ಪರಿಗೆ ವಾಲಿಸಿದರು, ಹೊನ್ನಿನ ಬಣ್ಣದ ಪಾಕ ತೊಟ್ಟಿಗೆ ಇಳಿಯಿತು, ಗೋರೆಯಿಂದ ಎಳೆದಾಡಿ ಅಚ್ಚಿನ ಮಣೆಗೆ ತುಂಬಿದರು. ರಸ ಒಲೆಗೇರಿ ಇಲ್ಲಿಯವರೆಗೆ ಬರಲು ಎರಡು ಮೂರು ಗಂಟೆ ಬೇಕು, ಆದರೆ ನೋಡಬೇಕಾದದ್ದು ಕೊನೆಯ ಈ ಕಾಲು ಗಂಟೆ. ಅರ್ಧ ಗಂಟೆ ತಡವಾಗಿ ಬಂದಿದ್ದರೆ ನಮಗೆ ಖಾಲಿ ಕೊಪ್ಪರಿಗೆ ಸಿಗುತ್ತಿತ್ತು.

ಬಾಳೆ ಎಲೆಯ ಚೂರಿನಲ್ಲಿ ಬಿಸಿ ಬೆಲ್ಲ, ಸ್ಟೀಲ್ ಲೋಟದಲ್ಲಿ ಕಬ್ಬಿನ ಹಾಲು ಬಂತು. ದುಡ್ಡು ಕೊಡಲು ಹೋದ ಹುಡುಗನಿಗೆ, ‘ಆಲೆಮನೆಗೆ ಬಂದವರಿಂದ ಯಾರಾದರೂ ದುಡ್ಡು ತೆಗೆದುಕೊಳ್ಳುತ್ತಾರೆಯೇ, ಕೈ ಒಳಗಿಡಪ್ಪ’ ಎಂದರು. ಕೊಳ್ಳಲು ಕೇಳಿದಾಗ ಎರಡು ಬಗೆ ತೋರಿಸಿದರು. ಮಂಡಿಗೆ ಹೋಗುವ ನಿಂಬೆ ಬಣ್ಣದ್ದು, ಮನೆಗೆ ಇಟ್ಟುಕೊಂಡಿದ್ದ ಕಡುಗಂದು ಬಣ್ಣದ್ದು. ಹಳದಿಗೆ ಬಣ್ಣ ತಿಳಿಯಾಗಿಸುವ ಹೈಡ್ರೋಸ್ ಎಂಬ ರಾಸಾಯನಿಕ ಬೀಳುತ್ತದೆ, ಬಣ್ಣ ಕಪ್ಪಾದರೆ ಮಂಡಿಯಲ್ಲಿ ದರ ಬೀಳುತ್ತದೆ ಎಂಬುದನ್ನು ಅವರು ಮುಚ್ಚಿಡಲಿಲ್ಲ. ‘ಪೇಟೆಯವರು ಕಣ್ಣಿನಲ್ಲಿ ತಿನ್ನುತ್ತಾರೆ’ ಎಂದರು. ನಾವು ಮನೆಯದ್ದನ್ನು ಕೊಂಡೆವು.

ಹೊರಡುವ ಮುನ್ನ ಹುಡುಗ ಕೇಳಿದ, ‘ನಿಮ್ಮ ಆಲೆಮನೆಯನ್ನು ನಕ್ಷೆಯಲ್ಲಿ ಹಾಕಬಹುದೇ?’ ಗೌಡರು ಸ್ವಲ್ಪ ಹೊತ್ತು ಯೋಚಿಸಿ ಹೇಳಿದ ಮಾತು ನನಗೆ ಯಾವ ತಂತ್ರಜ್ಞಾನದ ಪುಸ್ತಕದಲ್ಲೂ ಸಿಕ್ಕಿರಲಿಲ್ಲ. ‘ಹಾಕುವುದಾದರೆ ಇಲ್ಲಿ ಹಾಕಬೇಡಿ. ಊರ ಮುಂದೆ ಹಾಲಿನ ಡೇರಿ ಇದೆ, ಅಲ್ಲಿ ಹಾಕಿ. ಬಂದವರು ಡೇರಿಯಲ್ಲಿ ಕೇಳಲಿ. ಒಲೆ ಹಚ್ಚಿದ್ದರೆ ಕಾರ್ಯದರ್ಶಿ ನನಗೆ ಫೋನ್ ಮಾಡುತ್ತಾನೆ, ಹಚ್ಚಿಲ್ಲದಿದ್ದರೆ ಅಲ್ಲಿಂದಲೇ ಹಿಂದಕ್ಕೆ ಕಳುಹಿಸುತ್ತಾನೆ. ಬಂದವರು ಯಾರು ಎಂದು ನಾಲ್ಕು ಜನರಿಗೂ ಗೊತ್ತಾಗುತ್ತದೆ.’ ಗುರುತಿನ ನಿಖರತೆಯೇ ನಕ್ಷೆಯ ಧರ್ಮ ಎಂದು ನಂಬಿದ ಹುಡುಗನಿಗೆ ಇದು ಸುಲಭವಾಗಿ ಒಪ್ಪಿಗೆಯಾಗಲಿಲ್ಲ. ಕಾರಿನಲ್ಲಿ ಬಹಳ ಹೊತ್ತು, ‘ಅದು ತಪ್ಪು ಮಾಹಿತಿ ಆಗುತ್ತದಲ್ಲ ಮಾವ’ ಎನ್ನುತ್ತಿದ್ದ. ನನಗೋ ಅದು ಇರುವುದರಲ್ಲೇ ಸರಿಯಾದ ಮಾಹಿತಿ ಎನ್ನಿಸಿತು. ಜೊಯ್ಗಲ್ ಮನೆಯ ನಕ್ಷತ್ರವನ್ನು ತೂಗುಹಾಕುವವರು ಮನೆಯವರೇ ತಾನೇ? ಒಳಗೆ ಕರೆಯಬೇಕೇ ಬೇಡವೇ ಎಂದು ದಿನದಿನವೂ ತೀರ್ಮಾನಿಸುವ ಹಕ್ಕನ್ನು ಅವರು ತಮ್ಮ ಕೈಯಲ್ಲೇ ಇಟ್ಟುಕೊಂಡಿದ್ದಾರೆ. ಗೌಡರು ಕೇಳಿದ್ದೂ ಅಷ್ಟನ್ನೇ.

ದಾರಿಯ ಲೆಕ್ಕ

ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಗಣಿತಜ್ಞ ವಿಲಿಯಂ ಕುಕ್ ಮತ್ತು ಸಂಗಡಿಗರು 2016ರಲ್ಲಿ ಬ್ರಿಟನ್ನಿನ 24,727 ಪಬ್‌ಗಳನ್ನು ಒಂದೇ ಸುತ್ತಿನಲ್ಲಿ ನಡೆದು ಮುಗಿಸುವ ಅತಿ ಹತ್ತಿರದ ದಾರಿಯನ್ನು ಲೆಕ್ಕ ಹಾಕಿದ್ದರು. ಒಟ್ಟು 45,495 ಕಿಲೋಮೀಟರ್, ಭೂಮಿಯ ಸುತ್ತಳತೆಗಿಂತಲೂ ಹೆಚ್ಚು. ಎರಡು ಜಾಗಗಳ ನಡುವಿನ ನಡಿಗೆಯ ದೂರವನ್ನು ಗೂಗಲ್ ನಕ್ಷೆಯಿಂದಲೇ ತೆಗೆದುಕೊಂಡಿದ್ದರು. ಹತ್ತೇ ಜಾಗಗಳಿದ್ದರೂ ಸುತ್ತಿ ಬರುವ ಬಗೆಗಳು 1,81,440 ಆಗುತ್ತವೆ. ಮನುಷ್ಯ ಎಲ್ಲವನ್ನೂ ಬರೆದು ನೋಡುವ ಮಾತೇ ಇಲ್ಲ. ಹುಡುಗ ಇದನ್ನು ನನಗೆ ಭಕ್ತಿಯಿಂದ ಹೇಳಿದ. ಪಬ್ಬುಗಳಿಗೆ ಈ ಲೆಕ್ಕ ಸಲ್ಲುತ್ತದೆ, ಏಕೆಂದರೆ ಪಬ್ಬು ಇದ್ದಲ್ಲಿ ಇರುತ್ತದೆ, ಸಂಜೆ ಬಾಗಿಲು ತೆರೆದಿರುತ್ತದೆ. ಆಲೆಮನೆಗಳ ಸುತ್ತಿಗೆ ದೂರವೇ ಮುಖ್ಯವಲ್ಲ. ಮೂರು ಫೇಸ್ ಕರೆಂಟು ಯಾವಾಗ ಬಂತು, ಗಾಣ ಎಷ್ಟು ಹೊತ್ತಿಗೆ ತಿರುಗಿತು, ಮೊದಲ ಕೊಪ್ಪರಿಗೆ ಎಷ್ಟಕ್ಕೆ ಏರಿತು ಎಂಬುದರ ಮೇಲೆ ದಾರಿ ಹೆಣೆಯಬೇಕು. ಹತ್ತಿರದ್ದನ್ನು ಬಿಟ್ಟು ದೂರದ್ದಕ್ಕೆ ಮೊದಲು ಹೋಗಿ, ಅಲ್ಲಿ ಪಾಕ ಇಳಿಸಿದ್ದನ್ನು ನೋಡಿಕೊಂಡು, ಇಲ್ಲಿಯ ಎರಡನೆಯ ಕೊಪ್ಪರಿಗೆಗೆ ಬರಬೇಕು. ಬೆಲ್ಲದ ದರ ಕುಸಿದ ವಾರ ರೈತ ಕಬ್ಬನ್ನು ಕಾರ್ಖಾನೆಗೆ ಸಾಗಿಸಿದರೆ ಆ ಸಾಲಿನ ಗುರುತುಗಳೆಲ್ಲ ಒಟ್ಟಿಗೆ ಬೂದಾಗುತ್ತವೆ. ಜರ್ಮನಿಯಲ್ಲಿ ವರ್ಷದ ಕ್ಯಾಲೆಂಡರು ಮೊದಲೇ ಅಚ್ಚಾಗುತ್ತದೆ, ಇಲ್ಲಿ ನಾಳಿನದು ಗೌಡರಿಗೇ ಗೊತ್ತಿರುವುದಿಲ್ಲ.

ಹುಡುಗ ನ್ಯೂರೆಂಬರ್ಗಿಗೆ ಹೋಗುವ ಮುನ್ನ ನಮ್ಮಿಬ್ಬರ ನಡುವೆ ಒಪ್ಪಂದವೊಂದು ಆಯಿತು. ಮಂಡ್ಯದ ಪದರ ಖಾಸಗಿಯಾಗಿಯೇ ಇರುತ್ತದೆ, ಕೊಂಡಿ ಮನೆಯವರಿಗೆ ಮತ್ತು ಕೇಳಿದ ಸ್ನೇಹಿತರಿಗೆ ಮಾತ್ರ. ಪ್ರತಿ ಗುರುತಿಗೂ ಮೂರು ವಿಷಯ ಬರೆಯಬೇಕು: ಯಾರನ್ನು ಮೊದಲು ಕೇಳಬೇಕು, ಒಲೆ ಉರಿಯುತ್ತಿದ್ದದ್ದನ್ನು ಕೊನೆಯ ಬಾರಿ ಕಂಡದ್ದು ಯಾವ ತಿಂಗಳು, ಕಾರು ಎಲ್ಲಿಯವರೆಗೆ ಹೋಗುತ್ತದೆ. ಒಪ್ಪಿಗೆ ಕೊಡದವರ ಗುರುತು ಅಳಿಸಬೇಕು. ಎಲ್ಲವನ್ನೂ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಹಾಕಬೇಕು, ಜ್ಞಾನ ಎಲ್ಲರದ್ದು ಎಂಬುದು ಅವನ ವಾದ. ಹಾಕಿದ ಮೇಲೆ ಜಗತ್ತಿನ ಎಷ್ಟು ಕಡೆ ಅದರ ಪ್ರತಿ ಹೋಗುತ್ತದೆಯೋ, ಬೇಡವೆಂದರೆ ಹಿಂದಕ್ಕೆ ಕರೆಯಲು ಆಗುವುದಿಲ್ಲ ಎಂಬುದು ನನ್ನದು. ಆ ಜಗಳ ಈಗಲೂ ಭಾನುವಾರದ ವಿಡಿಯೊ ಕರೆಯಲ್ಲಿ ನಡೆಯುತ್ತಿದೆ, ಅಕ್ಕ ನಡುವೆ ಬಂದು ‘ಊಟ ಆಯಿತೇ?’ ಎಂದು ಕೇಳಿದಾಗ ನಿಲ್ಲುತ್ತದೆ.

ಒಂದು ವಿಷಯದಲ್ಲಿ ಮಾತ್ರ ಇಬ್ಬರಿಗೂ ತಕರಾರು ಇರಲಿಲ್ಲ. ನಂಜನಗೂಡಿನ ಕಾರ್ಖಾನೆಯ ಗುರುತಿಗೆ ದೊಡ್ಡ ಕೈಗಾರಿಕೆಯ ಚೀಟಿ ಹಾಕಿ, ಸಾರ್ವಜನಿಕರಿಗೆ ಪ್ರವೇಶವಿಲ್ಲ ಎಂದು ಸೇರಿಸು ಎಂದೆ. ಅದೇ ರಾತ್ರಿ ಮಾಡಿದ. ಇನ್ನು ಮುಂದೆ ಆ ನಕ್ಷೆ ನೋಡಿಕೊಂಡು ಯಾರಾದರೂ ಬಿಯರ್ ಹುಡುಕುತ್ತಾ ಆ ಕಡೆ ಹೊರಟರೆ, ಕನಿಷ್ಠ ದೇವಸ್ಥಾನಕ್ಕೆಂದೇ ಹೊರಡುತ್ತಾರೆ.